ಮಗಳ ಎರಡು ಬಟನ್: ಬೆಂಗಳೂರಿನ ಸಮ್ಮೇಳನಕ್ಕೆ ಹೋಗಿ ಬಂದ ಮೇಲೆ

ದಾವಣಗೆರೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಮಗಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ. ಎಲ್ಲ ಅರ್ಥವಾಗುತ್ತದೆ, ಅಜ್ಜಿ ಚಿಲ್ಲರೆ ಲೆಕ್ಕ ತಪ್ಪಿದರೆ ಮೊದಲು ನಗುವವಳು ಅವಳೇ. ಬಾಯಲ್ಲಿ ಮಾತು ಮಾತ್ರ ಬರುವುದಿಲ್ಲ. ಕೈ ಚಾಚಿದರೆ ಒಂದು ಕಡೆ ಹೋಗಬೇಕಾದದ್ದು ಇನ್ನೊಂದು ಕಡೆ ಹಾರುತ್ತದೆ. ಹಾಗಾಗಿ ಟ್ಯಾಬ್‌ನಲ್ಲಿ ಚಿತ್ರ ಮುಟ್ಟಿ ಮಾತಾಡಿಸುವ ಆ್ಯಪ್‌ಗಳು ನಮಗೆ ನೇರವಾಗಿ ಒಗ್ಗಲಿಲ್ಲ. ಚೆನ್ನೈನ ಆವಾಜ್ ನೋಡಿದೆವು, ಐಐಟಿ ಬಾಂಬೆಯವರ ಜೆಲ್ಲೋ ನೋಡಿದೆವು. ಎರಡೂ ಒಳ್ಳೆಯವೇ, ಜೆಲ್ಲೋಗಂತೂ ದುಡ್ಡೂ ಇಲ್ಲ. ಆದರೆ ಬೆರಳು ಗುರಿ ಮುಟ್ಟಬೇಕಲ್ಲ.

ಥೆರಪಿಸ್ಟ್ ಒಬ್ಬರು ಸ್ವಿಚ್ ದಾರಿ ತೋರಿಸಿದರು. ಟ್ಯಾಬ್‌ನಲ್ಲಿ ಬಣ್ಣದ ಚೌಕಟ್ಟೊಂದು ಚಿತ್ರದಿಂದ ಚಿತ್ರಕ್ಕೆ ತಾನೇ ಸರಿಯುತ್ತಿರುತ್ತದೆ. ಬೇಕಾದ ಚಿತ್ರದ ಮೇಲೆ ಬಂದಾಗ ಅಂಗೈಯಗಲದ ಬಟನ್ ಒತ್ತಿದರೆ ಆ ಮಾತು ಹೊರಬೀಳುತ್ತದೆ. ಇದಕ್ಕೆ ಸ್ಕ್ಯಾನಿಂಗ್ ಅನ್ನುತ್ತಾರೆ. ಹೊರದೇಶದ ಬಟನ್‌ಗೆ ಸಾವಿರಾರು ರೂಪಾಯಿ. ಬಿಚ್ಚಿ ನೋಡಿದರೆ ಒಳಗಿರುವುದು ಕಾಲಿಂಗ್ ಬೆಲ್‌ನಲ್ಲಿರುವಂಥದೇ ಕಾಂಟ್ಯಾಕ್ಟ್, ತುದಿಯಲ್ಲಿ 3.5 ಮಿ.ಮೀ. ಮೋನೋ ಜ್ಯಾಕ್. ನಾನು ಹಳೇ ಯುಎಸ್‌ಬಿ ಕೀಬೋರ್ಡಿನ ಒಳಗಿನ ಬೋರ್ಡ್ ತೆಗೆದು, ಸ್ಪೇಸ್ ಕೀಯ ಎರಡು ಪಾಯಿಂಟ್‌ಗೆ ಬಟನ್‌ನ ವೈರ್ ಬೆಸುಗೆ ಹಾಕಿ, ಒಟಿಜಿ ಕೇಬಲ್‌ನಲ್ಲಿ ಟ್ಯಾಬ್‌ಗೆ ಸೇರಿಸಿದೆ. ಹೊರಗಿನ ಬಟನ್‌ನಿಂದ ಟ್ಯಾಬ್ ನಡೆಸಲು ಗೂಗಲ್ ಕೊಡುವ ಸ್ವಿಚ್ ಆ್ಯಕ್ಸೆಸ್ ಅದನ್ನು ಒಪ್ಪಿಕೊಂಡಿತು.

ತೊಂದರೆ ಇದ್ದದ್ದು ಸಮಯದ್ದು. ಚೌಕಟ್ಟು ಬರುತ್ತಿದೆ ಅನ್ನುವಾಗಲೇ ಮಗಳ ಮೈ ಬಿಗಿಯಾಗುತ್ತದೆ, ಕೈ ಬಟನ್ ಮುಟ್ಟುವಷ್ಟರಲ್ಲಿ ಚೌಕಟ್ಟು ಮುಂದಿನ ಚಿತ್ರಕ್ಕೆ ಹೋಗಿರುತ್ತದೆ. ವೇಗ ಇಳಿಸಿದರೆ ಕಾದು ಕಾದು ಬೇಸತ್ತು ಕಣ್ಣು ಬೇರೆ ಕಡೆ. ಈ ಒಂದೇ ಪ್ರಶ್ನೆ ಹೊತ್ತು ನಾವು ಬೆಂಗಳೂರಿನ ಸಹಾಯಕ ತಂತ್ರಜ್ಞಾನ (ಅಂಗವಿಕಲರಿಗೆ ನೆರವಾಗುವ ಸಾಧನಗಳ) ಸಮ್ಮೇಳನಕ್ಕೆ ಹೊರಟದ್ದು. ನೂರು ಮಳಿಗೆ ಇರುವಲ್ಲಿಗೆ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಬೇಕು, ಇಲ್ಲದಿದ್ದರೆ ಕರಪತ್ರಗಳ ಚೀಲ ಹೊತ್ತು ಬರುತ್ತೇವೆ ಅಷ್ಟೇ.

ಹೊರಡುವ ಮೊದಲು ಸಮ್ಮೇಳನಕ್ಕೆಂದೇ ಟ್ಯಾಬ್‌ನಲ್ಲಿ ಒಂದು ಪುಟ ಮಾಡಿದೆವು. ಯಾವ ಮಾತು ಇರಬೇಕೆಂದು ಒಂದೊಂದನ್ನೂ ಅವಳನ್ನೇ ಕೇಳಿದೆವು; ಕಣ್ಣು ಮೇಲೆತ್ತಿದರೆ ಹೂಂ. ಟ್ಯಾಬ್‌ನ ಕನ್ನಡ ದನಿ ದೊಡ್ಡ ಹೆಂಗಸಿನದು, ಅದಕ್ಕೇ ನಮ್ಮಣ್ಣನ ಮಗಳ ದನಿಯಲ್ಲಿ ರೆಕಾರ್ಡ್ ಮಾಡಿಸಿದೆ. "ನನ್ನನ್ನ ಕೇಳ್ರಿ, ನಮ್ಮಪ್ಪನ್ನಲ್ಲ." "ತಡೀರಿ, ಹೇಳ್ತೀನಿ." "ಇದು ಬ್ಯಾಡ." "ಸಾಕು, ಹೊರಗೆ ಹೋಗಾಣ." ಕೊನೆಯದಾಗಿ ಅವಳು ಕಣ್ಣೆತ್ತಿ ಆರಿಸಿದ್ದು, "ಇದರ ರೇಟ್ ಎಷ್ಟು?" ಅಂಗಡಿಯವನ ಮಗಳಲ್ಲವೇ.

ಸಭಾಂಗಣದಲ್ಲಿ ಜನ ವ್ಹೀಲ್‌ಚೇರ್‌ನಲ್ಲಿದ್ದ ಮಗಳನ್ನು ಬಿಟ್ಟು ನನ್ನ ಮುಖ ನೋಡಿ ಮಾತಾಡುತ್ತಿದ್ದರು. ಮಳಿಗೆಯ ಹುಡುಗನೊಬ್ಬ ಉದ್ದಕ್ಕೆ ವಿವರಿಸುತ್ತಿದ್ದಾಗ ಇವಳು ತಡವಾಗಿಯಾದರೂ "ನನ್ನನ್ನ ಕೇಳ್ರಿ" ಒತ್ತಿದಳು. ಅವನು ನಾಚಿ ಮಂಡಿಯೂರಿ ಕೂತ, ಮತ್ತೆ ಮೊದಲಿನಿಂದ ಅವಳಿಗೇ ಹೇಳಿದ. ಆ ಪುಟ ಮಾಡಿದ ಶ್ರಮ ಅಲ್ಲಿಗೇ ವಸೂಲಾಯಿತು.

ಹೆಚ್ಚು ನೂಕುನುಗ್ಗಲು ಕಣ್ಣಿನಿಂದ ನಡೆಯುವ ಯಂತ್ರದ ಮುಂದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ಕಣ್ಣಿನಿಂದ ಪ್ರತಿಫಲಿಸುವುದನ್ನು ಕ್ಯಾಮೆರಾ ಹಿಡಿದು ನೋಟ ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಮೊದಲು ಪರದೆಯ ಚುಕ್ಕಿಗಳನ್ನು ನೋಡಿಸಿ ಅದಕ್ಕೆ ಕಣ್ಣಿನ ಗುರುತು ಹಿಡಿಸಬೇಕು. ಕಿಟಕಿಯ ಬಿಸಿಲಿಗೆ ಅದು ತಡಬಡಾಯಿಸಿತು. ನೆರಳಿಗೆ ಸರಿಸಿದ ಮೇಲೆ ಮಗಳು ಕೆಲವು ಮಾತು ಆಡಿದಳು, ಆದರೆ ತಲೆ ವಾಲಿದಾಗಲೆಲ್ಲ ಯಂತ್ರ ಅವಳನ್ನು ಕಳೆದುಕೊಳ್ಳುತ್ತಿತ್ತು. ರೇಟ್ ಕೇಳಿದಳು. ಲಕ್ಷಗಳ ಮಾತು. ನನ್ನ ಕಡೆ ತಿರುಗಿ ಜೋರಾಗಿ ನಕ್ಕಳು. ಕೆಲವು ಮಕ್ಕಳಿಗೆ ಅದೇ ಸರಿ, ಅದರಲ್ಲಿ ಅನುಮಾನವಿಲ್ಲ. ಬಿಸಿಲು ನೇರ ಒಳಗೆ ಬೀಳುವ ನಮ್ಮ ಅಂಗಡಿಗೆ, ಇವಳ ತಲೆಗೆ, ಸದ್ಯಕ್ಕೆ ಬೇಡ ಅಂದುಕೊಂಡೆ.

ನಮಗೆ ಬೇಕಾದದ್ದು ಸಿಕ್ಕಿದ್ದು ಮೂಲೆಯ ಒಂದು ಮೇಜಿನಲ್ಲಿ. ಅಲ್ಲಿದ್ದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಲು ಮೈಕೈ ಪಳಗಿಸುವವರು) ಟ್ಯಾಬ್ ಕಡೆ ನೋಡಲೇ ಇಲ್ಲ. "ಪಾದ ಜೋತಾಡ್ತಿದೆಯಲ್ಲಾ ಸರ್" ಎಂದು ಕಾಲ ಕೆಳಗೆ ರಟ್ಟಿನ ಪೆಟ್ಟಿಗೆ ಇಟ್ಟರು, ಸೊಂಟದ ಬೆಲ್ಟ್ ಬಿಗಿಮಾಡಿದರು. ಅಷ್ಟಕ್ಕೇ ಕೈಯ ಹಾರಾಟ ಕಡಿಮೆಯಾಯಿತು. ಆಮೇಲೆ ತಲೆ, ಮೊಣಕೈ, ಮಂಡಿ ಒಂದೊಂದನ್ನೂ ಆಡಿಸಿ ನೋಡಲು ಅವಳಿಗೇ ಹೇಳಿದರು. ಹೇಳಿದಾಗೆಲ್ಲ ತಪ್ಪದೆ ಬಂದದ್ದು ಎಡ ಮಂಡಿ. ಇಷ್ಟು ವರ್ಷ ನಾವು ಕೈಯನ್ನೇ ಪಳಗಿಸುತ್ತಿದ್ದೆವು.

ಎಡ ಮಂಡಿಗೆ ಒಂದು ಬಟನ್, ತಲೆಯ ಪಕ್ಕ ಇನ್ನೊಂದು. ಮಂಡಿ ಒತ್ತಿದರೆ ಚೌಕಟ್ಟು ಒಂದು ಹೆಜ್ಜೆ ಮುಂದೆ, ತಲೆ ವಾಲಿಸಿದರೆ ಆಯ್ಕೆ. ತಾನಾಗಿ ಏನೂ ಸರಿಯುವುದಿಲ್ಲ, ಎಷ್ಟು ಹೊತ್ತಾದರೂ ಅದು ಅವಳಿಗಾಗಿ ನಿಂತಿರುತ್ತದೆ. ಮೈ ತಾನೇ ಅಲುಗುವ ಈ ಬಗೆಯ ಪಾಲ್ಸಿಯಲ್ಲಿ ಕ್ಷಣಕ್ಕೆ ಸರಿಯಾಗಿ ಒತ್ತುವುದೇ ಕಷ್ಟದ ಕೆಲಸ, ಎರಡು ಬಟನ್ ಆ ಕಷ್ಟವನ್ನು ಬಹುಮಟ್ಟಿಗೆ ತೆಗೆಯುತ್ತದೆ ಎಂದರು. ನಾನು ಟೇಪ್ ತೆಗೆದು ಕುರ್ಚಿಯಿಂದ ಬಟನ್ ಎಷ್ಟು ದೂರ, ಯಾವ ಕೋನ ಎಂದು ಚೀಟಿಯಲ್ಲಿ ಬರೆದುಕೊಂಡೆ, ವಿಡಿಯೋನೂ ಮಾಡಿದೆ. ಅಷ್ಟರಲ್ಲಿ ಮಂಡಿಯಿಂದ ಟಕ್ ಟಕ್ ಎಂದು ಸಾಗಿ ಮಗಳು ಕೇಳಿಯೇಬಿಟ್ಟಳು, "ಇದರ ರೇಟ್ ಎಷ್ಟು?"

"ನಿಮ್ಮಪ್ಪನ್ನೇ ಕೇಳು, ಅವರೇ ಮಾಡ್ಕೊಡ್ತಾರೆ."

ಮಧ್ಯಾಹ್ನದ ಹೊತ್ತಿಗೆ ಸದ್ದು ಅವಳಿಗೆ ಹೆಚ್ಚಾಯಿತು, "ಸಾಕು" ಒತ್ತಿದಳು, ಹೆಂಡತಿ ಹೊರಗೆ ಕರೆದುಕೊಂಡು ಹೋದಳು. ನಾನು ಒಂದು ಉಪನ್ಯಾಸ ಕೇಳಿದೆ. "ಯಂತ್ರ ಕೊಟ್ರೆ ಬಾಯಿ ಮಾತು ಬರೋದೂ ನಿಂತುಹೋಗುತ್ತೆ" ಎಂದು ನಮ್ಮಮ್ಮನಿಗೆ ಮೊದಲಿನಿಂದ ಭಯ. ಉಪನ್ಯಾಸದಲ್ಲಿ ಹೇಳಿದ್ದು ಅದರ ಬಗ್ಗೆಯೇ: ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ 2006ರಲ್ಲಿ ಬಂದ ಒಂದು ವಿಮರ್ಶೆಯಲ್ಲಿ, ನಂಬಬಹುದಾದ 27 ಪ್ರಕರಣಗಳಲ್ಲಿ ಒಂದರಲ್ಲೂ ಮಾತು ಕಡಿಮೆಯಾಗಿರಲಿಲ್ಲ, ಹೆಚ್ಚಿನವರಲ್ಲಿ ಅಷ್ಟಿಷ್ಟು ಹೆಚ್ಚಿತ್ತು. ಊರಿಗೆ ಬಂದು ಅಮ್ಮನಿಗೆ ಹೇಳಿದೆ. ಪೂರ್ತಿ ನಂಬಿದಂತೆ ಕಾಣಲಿಲ್ಲ, ಆದರೆ ಟ್ಯಾಬ್ ಚಾರ್ಜಿಗೆ ಹಾಕುವುದು ಈಗ ಅವರೇ.

ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ ಮಂಡಿ ಬಟನ್‌ಗೆ ಕ್ಲಾಂಪ್ ಮಾಡಿದೆ, ಪಾದಕ್ಕೆ ಪ್ಲೈವುಡ್ ಪೆಟ್ಟಿಗೆ. ಅದೇ ಕೀಬೋರ್ಡ್ ಬೋರ್ಡಿನ ಎಂಟರ್ ಕೀಗೆ ಇನ್ನೊಂದು ಜೋಡಿ ವೈರ್. ಸ್ವಿಚ್ ಆ್ಯಕ್ಸೆಸ್‌ನಲ್ಲಿ ಒಂದಕ್ಕೆ ಮುಂದೆ ಹೋಗುವ ಕೆಲಸ, ಇನ್ನೊಂದಕ್ಕೆ ಆಯ್ಕೆ ಕೊಟ್ಟು, ತಾನೇ ಸರಿಯುವುದನ್ನು ಬಂದ್ ಮಾಡಿದೆ. ಪುಟವನ್ನೂ ಬದಲಿಸಿದೆ. ಮೊದಲು ಬರೀ ವಸ್ತುಗಳ ಹೆಸರಿತ್ತು: ದೋಸೆ, ಚೆಂಡು, ಫ್ಯಾನ್. ದೂರದ ಚಿತ್ರಕ್ಕೆ ಮಂಡಿ ಹೆಚ್ಚು ಸಲ ಒತ್ತಬೇಕು, ಆದ್ದರಿಂದ ದಿನವಿಡೀ ಬೇಕಾಗುವವು ಮೊದಲ ಸಾಲಿಗೆ ಬಂದವು: ಬ್ಯಾಡ, ಇನ್ನೂ, ನಾನು, ಯಾರು, ಯಾಕೆ. ಅದರಲ್ಲಿ "ಯಾಕೆ" ತಂದದ್ದಕ್ಕೆ ಮನೆಯವರೆಲ್ಲ ನನ್ನನ್ನು ಬೈಯುತ್ತಿದ್ದಾರೆ.

ವೈರ್ ಬಟನ್‌ನಿಂದ ಹೊರಬರುವಲ್ಲಿ ಮಡಚಿ ಮಡಚಿ ತುಂಡಾಗುತ್ತದೆ, ಅಲ್ಲಿ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬೆಸುಗೆ ಬಾರದವರು ಮೊಬೈಲ್ ರಿಪೇರಿ ಅಂಗಡಿಗೆ ಕೊಟ್ಟರೂ ಸಂಜೆಯೊಳಗೆ ಮಾಡಿಕೊಡುತ್ತಾರೆ. ಆದರೆ ಬಟನ್ ಎಲ್ಲಿಡಬೇಕು ಅನ್ನುವುದನ್ನು ಮೊದಲು ಥೆರಪಿಸ್ಟ್ ಹತ್ತಿರ ಮಗುವನ್ನೇ ಕೂರಿಸಿ ನೋಡಿ. ದಾವಣಗೆರೆಯಲ್ಲೇ ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಿಆರ್‌ಸಿ (ಕಾಂಪೋಸಿಟ್ ರೀಜನಲ್ ಸೆಂಟರ್) ಇದೆ, ಅಲ್ಲಿಂದ ಶುರು ಮಾಡಬಹುದು.