ಪುಲ್ ಲಿಫ್ಟ್ ಕೊಳ್ಳುವಾಗ ಎತ್ತಿ ನೋಡಬೇಡಿ, ಇಳಿಸಿ ನೋಡಿ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದೊಂದು ಸಣ್ಣ ರಿಪೇರಿ ಶಾಪು. ಎರಡು ಲೇತು, ಒಂದು ಶೇಪರ್, ಒಂದು ರೇಡಿಯಲ್ ಡ್ರಿಲ್, ಮೂವರು ಹುಡುಗರು. ಅರ್ಧ ಕೆಲಸ ಪತ್ರಾಸಿನ (ತಗಡಿನ) ಶೆಡ್ಡಿನೊಳಗೆ, ಇನ್ನರ್ಧ ಊರೂರಿಗೆ ಹೋಗಿ ಮಾಡುವುದು: ಬೆಟಗೇರಿ, ಅಣ್ಣಿಗೇರಿ ಕಡೆಯ ಹತ್ತಿ ಜಿನ್ನಿಂಗ್ ಮಿಲ್ಲು, ಬ್ಯಾಡಗಿಯ ಖಾರದಪುಡಿ ಗಿರಣಿ. ಹೊರಗಿನ ಕೆಲಸಕ್ಕೆ ಹೊರಟಾಗ ಟೆಂಪೋಕ್ಕೆ ಮೊದಲು ಏರುವುದು ಪುಲ್ ಲಿಫ್ಟು. ಹ್ಯಾಂಡಲ್ ಆಡಿಸಿ ಚೈನಿನಿಂದ ಭಾರ ಎತ್ತುವ, ಎಳೆಯುವ ಸಾಮಾನು ಅದು; ಕ್ಯಾಟಲಾಗಿನಲ್ಲಿ ಅದರ ಹೆಸರು ಲಿವರ್ ಹಾಯ್ಸ್ಟ್.

ನಾನು ಮೊದಲು ತಂದದ್ದು ಹೆಸರಿಲ್ಲದ ಮಾಲು. ಮೈಮೇಲೆ ದಪ್ಪ ಅಕ್ಷರದಲ್ಲಿ '2 ಟನ್' ಅಂತಿತ್ತು, ಹಳದಿ ಬಣ್ಣ ಚಂದ ಇತ್ತು, ರೇಟು ಅರ್ಧಕ್ಕಿಂತ ಕಮ್ಮಿ. ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ನಾಲ್ಕು ಕ್ವಿಂಟಲ್ ಆಸುಪಾಸಿನ ಗೇರ್‌ಬಾಕ್ಸ್ ಎತ್ತಿ ನಿಲ್ಲಿಸಿ, ಕೆಳಗೆ ಕಟ್ಟಿಗೆ ತುಂಡು ಜೋಡಿಸಿ, ಚಹಾಕ್ಕೆ ಹೋದೆವು. ಗಿರಮಿಟ್ ತಿಂದು ಬರುವಷ್ಟರಲ್ಲಿ ಗೇರ್‌ಬಾಕ್ಸು ಎರಡು ಬೆರಳು ಇಳಿದು ಕಟ್ಟಿಗೆಯ ಮೇಲೆ ಕೂತಿತ್ತು. ಸದ್ದಿಲ್ಲ, ಗದ್ದಲವಿಲ್ಲ, ಹ್ಯಾಂಡಲ್ ಯಾರೂ ಮುಟ್ಟಿಲ್ಲ. ವಾಪಸ್ ತಂದು ಬಿಚ್ಚಿದರೆ ಒಳಗಿನ ಬ್ರೇಕ್ ಪ್ಲೇಟು ಹಪ್ಪಳದಷ್ಟು ತೆಳ್ಳಗೆ. ಅದಕ್ಕೆ ಎಣ್ಣೆ ಬೇರೆ. ಆ ಎಣ್ಣೆ ಬಿಟ್ಟವನು ನಮ್ಮ ಹುಡುಗನೇ. "ಮಾಲಕ್ರ, ಕಿರ್ ಕಿರ್ ಅಂತಿತ್ತರಿ, ಅದಕ್ಕ ಗೇರ್ ಆಯಿಲ್ ಹಾಕೀನ್ರಿ" ಅಂದ. ಅವನಿಗೆ ಹೇಳಿಕೊಡದೇ ಇದ್ದದ್ದು ನನ್ನ ತಪ್ಪು. ಅಂಗಡಿಯವನನ್ನು ಒಬ್ಬನನ್ನೇ ಬೈಯುವ ಹಾಗಿರಲಿಲ್ಲ.

ಅವತ್ತಿನಿಂದ ನಾನು ಈ ಸಾಮಾನನ್ನು ನೋಡುವ ರೀತಿ ಬದಲಾಯಿತು. ಎತ್ತುವುದು ಯಾವ ಪುಲ್ ಲಿಫ್ಟಾದರೂ ಎತ್ತುತ್ತದೆ. ಹಿಡಿದು ನಿಲ್ಲುವುದಕ್ಕೆ ನಾವು ದುಡ್ಡು ಕೊಡಬೇಕು.

ಹಿಡಿಯುವ ಕೆಲಸ ಬ್ರೇಕಿನದು. ಇದಕ್ಕೆ ವೆಸ್ಟನ್ ಬ್ರೇಕ್ ಅನ್ನುತ್ತಾರೆ. ರ‍್ಯಾಚೆಟ್ (ಒಂದೇ ಕಡೆ ತಿರುಗುವ ಹಲ್ಲಿನ) ಚಕ್ರದ ಎರಡೂ ಬದಿಗೆ ಒಂದೊಂದು ಫ್ರಿಕ್ಷನ್ ಪ್ಲೇಟು (ಉಜ್ಜಿ ಹಿಡಿಯುವ ಬಿಲ್ಲೆ), ಅವನ್ನು ಒತ್ತಿ ಹಿಡಿಯಲು ಒರಟು ಆಟೆಯ (ಥ್ರೆಡ್ಡಿನ) ಸ್ಕ್ರೂ. ತೂಗಾಡುವ ಭಾರವೇ ಆ ಸ್ಕ್ರೂವನ್ನು ಬಿಗಿ ಮಾಡುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಇಳಿಸುವಾಗ ಹ್ಯಾಂಡಲ್ ಆಡಿಸಿದಂತೆ ಸ್ಕ್ರೂ ಕೂದಲೆಳೆಯಷ್ಟು ಸಡಿಲಾಗುತ್ತದೆ, ಭಾರ ಚೂರು ಇಳಿಯುತ್ತದೆ, ಮತ್ತೆ ತಾನೇ ಬಿಗಿಯಾಗುತ್ತದೆ. ಹಾಗಾಗಿ ಇಳಿಸುವಾಗಲೂ ಎತ್ತುವಾಗಿನಷ್ಟೇ ತಾಳ್ಮೆಯಿಂದ ಹ್ಯಾಂಡಲ್ ಹೊಡೆಯಬೇಕು. ಈ ಪ್ಲೇಟುಗಳಿಗೆ ಎಣ್ಣೆ, ಗ್ರೀಸು ತಾಗಕೂಡದು. ಗೇರಿಗೆ ಗ್ರೀಸು, ಚೈನಿಗೆ ತೆಳು ಎಣ್ಣೆ, ಅಷ್ಟೇ. ಕಿರ್ ಕಿರ್ ಅಂದರೆ ಅನ್ನಲಿ.

ಇನ್ನು ಅಂಗಡಿಗೆ ಹೋಗೋಣ. ಎಷ್ಟು ಟನ್ನಿನದು ಬೇಕು ಅನ್ನುವುದನ್ನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. ಅಲ್ಲಿ ನಿಂತು ಯೋಚಿಸಿದರೆ ಅಂಗಡಿಯವ ದೊಡ್ಡದನ್ನೇ ಕಟ್ಟುತ್ತಾನೆ. 20 ಎಚ್‌ಪಿ ಮೋಟರು ಒಂದೂವರೆ ಕ್ವಿಂಟಲ್ ಹತ್ತಿರ ತೂಗುತ್ತದೆ. ದುಂಡನೆಯ ಉಕ್ಕಿನ ಶಾಫ್ಟಾದರೆ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 100 ಮಿಮೀ ಶಾಫ್ಟು ಮೀಟರಿಗೆ 62 ಕಿಲೋ ಹತ್ತಿರ. ನಮ್ಮಂಥ ಶಾಪಿನ ನೂರಕ್ಕೆ ತೊಂಬತ್ತು ಕೆಲಸ ಮುಕ್ಕಾಲು ಟನ್ನಿನದರಲ್ಲಿ ಮುಗಿಯುತ್ತದೆ. ಅದರ ತೂಕ ಏಳು ಕಿಲೋ ಆಚೀಚೆ, ಏಣಿ ಮೇಲೆ ಒಂದೇ ಕೈಯಲ್ಲಿ ಒಯ್ಯಬಹುದು. ಒಂದೂವರೆ ಟನ್ನಿನದು ಹತ್ತು-ಹನ್ನೊಂದು ಕಿಲೋ. ಮೂರು ಟನ್ನಿನದು ಇಪ್ಪತ್ತು ಕಿಲೋ ಮುಟ್ಟುತ್ತದೆ. ಅದನ್ನು ಮೇಲೆ ತೂಗುಹಾಕಲಿಕ್ಕೇ ಇನ್ನೊಂದು ಪುಲ್ ಲಿಫ್ಟ್ ಬೇಕು ಅನಿಸುತ್ತದೆ. ನನ್ನ ಹತ್ತಿರ ಈಗ ಮುಕ್ಕಾಲರದ್ದು ಎರಡು, ಒಂದೂವರೆಯದ್ದು ಒಂದು ಇವೆ. ಸಾಮಾನ್ಯವಾಗಿ ಒಂದೂವರೆ ಮೀಟರ್ ಎತ್ತುವಷ್ಟು ಚೈನ್ ಬರುತ್ತದೆ, ಶಾಪಿಗೆ ಸಾಕು. ಹತ್ತಡಿ ಮೇಲಕ್ಕೆ ಎತ್ತುವ ಕೆಲಸವಿದ್ದರೆ, ಹ್ಯಾಂಡಲ್ ಬದಲು ಕೈಚೈನು ಎಳೆದು ಎತ್ತುವ ಚೈನ್ ಪುಲ್ಲಿ ಬ್ಲಾಕ್ ತನ್ನಿ. ಪುಲ್ ಲಿಫ್ಟಿನ ಗುಣ ಬೇರೆ: ಅದು ಅಡ್ಡಕ್ಕೂ ಎಳೆಯುತ್ತದೆ, ಓರೆಗೂ ಎಳೆಯುತ್ತದೆ, ಮಷಿನ್ನನ್ನು ಫೌಂಡೇಶನ್ ಬೋಲ್ಟಿಗೆ ಕೂದಲಿನಷ್ಟು ಸರಿಸಿ ಕೂರಿಸುತ್ತದೆ.

ಕೈಗೆ ಬಂದ ಕೂಡಲೇ ಚೈನ್ ನೋಡಿ. ಕೊಂಡಿಗಳ ಮೇಲೆ ಅಲ್ಲಲ್ಲಿ 80 ಅಂತಲೋ, 8 ಅಂತಲೋ, ಟಿ ಅಕ್ಷರವೋ ಒತ್ತಿರಬೇಕು. ಅದು ಗ್ರೇಡ್ 80ರ ಗುರುತು, ಹದ ಕೊಟ್ಟ ಅಲಾಯ್ ಸ್ಟೀಲು. ಡಬ್ಬಿಯ ಮೇಲೆ ಜಿ80 ಅಂತ ಬರೆದು ಚೈನಿನ ಮೇಲೆ ಏನೂ ಇಲ್ಲದಿದ್ದರೆ ನಾನಂತೂ ಅಲ್ಲಿಗೇ ಕೈ ಬಿಡುತ್ತೇನೆ. ವೆಲ್ಡಿಂಗ್ ಜಾಗದಲ್ಲಿ ಗಂಟು ಇರಬಾರದು. ವರ್ನಿಯರ್ ಒಯ್ಯಿರಿ, ಅಂಗಡಿಯವ ನಕ್ಕರೆ ನಗಲಿ. ಈ ಜಾತಿಯ ಚೈನಿನಲ್ಲಿ ಒಂದು ಕೊಂಡಿಯ ಒಳ ಉದ್ದ ಸರಳಿನ ದಪ್ಪದ ಮೂರು ಪಟ್ಟಿನ ಹತ್ತಿರ ಇರುತ್ತದೆ. 8 ಮಿಮೀ ಚೈನಾದರೆ 24, ಹನ್ನೊಂದು ಕೊಂಡಿಗೆ 264. ಹೊಸದರಲ್ಲೇ ಹನ್ನೊಂದು ಕೊಂಡಿ ಅಳೆದು ಶಾಪಿನ ಗೋಡೆಯ ಮೇಲೆ ಬರೆದಿಡಿ. ಮುಂದೆ ಅದೇ ಅಳತೆ ಎರಡೂವರೆ ಪರ್ಸೆಂಟ್ ಹಿಗ್ಗಿದರೆ, ಅಂದರೆ 264ರ ಮೇಲೆ ಆರೂವರೆ ಮಿಮೀ, ಚೈನಿನ ಆಯುಷ್ಯ ಮುಗಿದ ಹಾಗೆ. ಕಂಪನಿ ಪುಸ್ತಕದಲ್ಲಿ ಇದಕ್ಕಿಂತ ಕಮ್ಮಿ ಮಿತಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಚೈನಿನ ಬಾಲದ ತುದಿಯ ಸ್ಟಾಪರ್ ಜಗ್ಗಿ ನೋಡಲು ಮರೆಯಬೇಡಿ. ಅದು ಕಿತ್ತರೆ ಭಾರದ ಸಮೇತ ಚೈನು ಹೊರಗೆ.

ಹುಕ್ಕು ಎರಡೂ ಕಡೆ ಸಲೀಸಾಗಿ ತಿರುಗಬೇಕು, ಹುಕ್ಕಿನ ಬಾಯಿಯ ಲ್ಯಾಚು ಸ್ಪ್ರಿಂಗಿನಿಂದ ಪಟ್ಟನೆ ಮುಚ್ಚಬೇಕು. ಒಳ್ಳೆಯ ಹುಕ್ಕು ಫೋರ್ಜಿಂಗಿನದು. ಭಾರ ಮೀರಿದರೆ ಅದು ಮುರಿಯುವ ಬದಲು ಮೆಲ್ಲಗೆ ಬಾಯಿ ತೆರೆದು ನಿಮಗೆ ಹೇಳುತ್ತದೆ. ಬಾಯಿ ತೆರೆದ ಹುಕ್ಕನ್ನು ಕಾಯಿಸಿ ಬಡಿದು ಸರಿ ಮಾಡುವ ಮಹಾಶಯರು ನಮ್ಮ ರೋಡಿನಲ್ಲೇ ಇದ್ದಾರೆ. ಹದ ಹೋದ ಮೇಲೆ ಅದು ಬರೀ ಕಬ್ಬಿಣ.

ಈಗ ಹ್ಯಾಂಡಲ್. ಹಾಕಿ ಆಡಿಸಿದರೆ ಟಿಕ್ ಟಿಕ್ ಸದ್ದು ಒಂದೇ ತೂಕದಲ್ಲಿ ಬರಬೇಕು, ನಡುವೆ ಒಂದು ಹಲ್ಲು ನುಂಗಿದ ಹಾಗೆ ಆಗಬಾರದು. ಎತ್ತು-ಇಳಿಸು ಬದಲಿಸುವ ಗುಬ್ಬಿಯನ್ನು (ನಾಬು) ನಡುವಿನ ನ್ಯೂಟ್ರಲ್ಲಿಗೆ ಇಟ್ಟು ಚೈನನ್ನು ಕೈಯಿಂದ ಎಳೆಯಿರಿ, ಎರಡೂ ಕಡೆ ಓಡಬೇಕು. ದಿನಕ್ಕೆ ಇಪ್ಪತ್ತು ಸಲ ಚೈನ್ ಉದ್ದ ಮಾಡುವವನಿಗೆ ಇದರ ಬೆಲೆ ಗೊತ್ತು. ಆಮೇಲೆ ಅಂಗಡಿಯಲ್ಲಿರುವ ಏನಾದರೂ ಐವತ್ತು ಕಿಲೋದ್ದು ತೂಗುಹಾಕಿಸಿ, ಇಳಿಸಿ. ಒಂದೊಂದು ಹೊಡೆತಕ್ಕೂ ಒಂದೇ ಸಮ ಇಳಿಯಬೇಕು. ಜರಕ್ ಅಂತ ಜಾರಿ ನಿಂತರೆ ಬೇಡ ಅಂದುಬಿಡಿ. ಕೆಲವಕ್ಕೆ ಭಾರ ತೀರಾ ಕಮ್ಮಿಯಾದರೆ ಬ್ರೇಕು ಹಿಡಿಯುವುದೇ ಇಲ್ಲ, ಅದಕ್ಕೇ ಐವತ್ತು ಕಿಲೋ ಅಂದೆ.

ಕಾಗದದ ವಿಷಯಕ್ಕೆ ಬಂದರೆ, ಟೆಸ್ಟ್ ಸರ್ಟಿಫಿಕೇಟಿನ ಸೀರಿಯಲ್ ನಂಬರೂ ಮೈಮೇಲಿನ ನಂಬರೂ ಒಂದೇ ಇರಬೇಕು. ಎಷ್ಟು ಭಾರಕ್ಕೆ ಟೆಸ್ಟ್ ಮಾಡಿದ್ದು ಅಂತ ಬರೆದಿರಬೇಕು, ಅದು ಮೈಮೇಲೆ ಬರೆದ ಟನ್ನಿಗಿಂತ ಹೆಚ್ಚೇ ಇರಬೇಕು. ಲಿವರ್ ಹಾಯ್ಸ್ಟಿಗೆ ಯುರೋಪಿನ ಇಎನ್ 13157, ಅಮೆರಿಕದ ಎಎಸ್ಎಂಇ ಬಿ30.21 ಅನ್ನುವ ಮಾನಕಗಳನ್ನು ಬರೆದಿರುತ್ತಾರೆ. ನಮ್ಮ ದೇಶದ ಮಾನಕ ಐಎಸ್ 3832 ಚೈನ್ ಪುಲ್ಲಿ ಬ್ಲಾಕಿನದು; ಪುಲ್ ಲಿಫ್ಟ್ ಕೇಳಿದರೆ ಅದನ್ನು ತೋರಿಸುವವನಿಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಕಿಟೋ, ಯೇಲ್ ತರಹದ ಹೆಸರಿನವುಗಳಿಗೆ ದುಡ್ಡು ಹೆಚ್ಚು, ಖರೆ. ಆದರೆ ನಾನು ಬ್ರ್ಯಾಂಡಿಗಿಂತ ಮೊದಲು ಕೇಳುವುದು, "ಬ್ರೇಕ್ ಪ್ಲೇಟು, ಸ್ಪ್ರಿಂಗು, ಲ್ಯಾಚು ಬಿಡಿಯಾಗಿ ಸಿಗತಾವೇನ್ರಿ?" "ಅವೆಲ್ಲಾ ಕೆಡೂದಿಲ್ಲ ಬಿಡ್ರಿ ಅಣ್ಣಾರ" ಅನ್ನುವವನ ಅಂಗಡಿಯಿಂದ ಹೊರಗೆ ಬರುವುದೇ ಚಲೋ. ಹತ್ತಿ ಮಿಲ್ಲಿನ ಎಳೆ ರ‍್ಯಾಚೆಟ್ಟಿನೊಳಗೆ ಸೇರುತ್ತದೆ, ಬ್ಯಾಡಗಿಯ ಪುಡಿ ಎಲ್ಲದರೊಳಗೂ ಸೇರುತ್ತದೆ (ಬಿಚ್ಚುವವನ ಮೂಗನ್ನೂ ಬಿಡುವುದಿಲ್ಲ). ಕೆಡದೇ ಏನಾದೀತು? ಕವರು ಅಲ್ಯುಮಿನಿಯಂದು ಹಗುರ. ನಮ್ಮ ಹುಡುಗರು ಟೆಂಪೋದಿಂದ ಇಳಿಸುವ ರೀತಿಗೆ ನನಗೆ ಉಕ್ಕಿನದೇ ಇರಲಿ.

ತಂದ ಮೇಲೆ ಮೊದಲ ದಿನ, ಅದರ ಶಕ್ತಿಯ ಹತ್ತಿರದ ಗೊತ್ತಿರುವ ಭಾರವನ್ನು ನೆಲದಿಂದ ಎರಡೇ ಇಂಚು ಎತ್ತಿ, ಚೈನು ಒಳಹೋಗುವ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅರ್ಧ ತಾಸು ಬಿಡಿ. ಕೆಳಗೆ ಕಟ್ಟಿಗೆ ಇರಲಿ, ಕಾಲು ಇರದಿರಲಿ. ಗೆರೆ ಸರಿದಿದ್ದರೆ ಬಿಲ್ಲು ಹಿಡಿದು ಅಂಗಡಿಗೆ ನಡೆಯಿರಿ. ತೂಗುಹಾಕುವ ಜಾಗ ಗಟ್ಟಿಯಿರಲಿ. ಪತ್ರಾಸಿನ ಪೈಪು ಮಳೆ ತಡೆಯಲು ಮಾಡಿದ್ದು. ಹ್ಯಾಂಡಲ್ಲಿಗೆ ಪೈಪು ಸಿಕ್ಕಿಸಿ ಉದ್ದ ಮಾಡಬೇಡಿ. ಒಬ್ಬನ ಕೈಗೆ ಆಗುತ್ತಿಲ್ಲ ಅಂದರೆ ಭಾರ ಮೀರಿದೆ, ಇಲ್ಲವೇ ಎಲ್ಲೋ ಒಂದು ಬೋಲ್ಟು ಬಿಚ್ಚದೆ ಉಳಿದಿದೆ. ಎರಡನೆಯದೇ ಹೆಚ್ಚು ಸಲ. ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸುವುದು 1948ರ ಕಾರ್ಖಾನೆ ಕಾಯ್ದೆಯಿಂದ ಬಂದ ಪದ್ಧತಿ. ನಮ್ಮಂಥ ಸಣ್ಣ ಶಾಪಿಗೆ ಕೇಳುವವರಿಲ್ಲದಿದ್ದರೂ ನಾನು ದಸರಾದ ಆಯುಧಪೂಜೆಗೆ ಮುಂಚೆ ಮೂರೂ ಪುಲ್ ಲಿಫ್ಟನ್ನು ಬಿಚ್ಚಿಸಿ, ಗೋಡೆಯ ಮೇಲಿನ ಅಳತೆ ತಾಳೆ ನೋಡುತ್ತೇನೆ.

ಆ ಹಳದಿ '2 ಟನ್' ಏನಾಯಿತು ಅಂತ ಕೇಳಿದವರಿದ್ದಾರೆ. ಗುಜರಿಗೆ ಹಾಕಿದೆ, ಆದರೆ ಎರಡೂ ಹುಕ್ಕನ್ನು ಗ್ಯಾಸ್ ಕಟರಿನಿಂದ ಕತ್ತರಿಸಿದ ಮೇಲೆ. ಗುಜರಿಯವ ತಕ್ಕಡಿಗೆ ಇಡುತ್ತಾ ಗೊಣಗಿದ, "ಇಡೀದ ಕೊಟ್ಟಿದ್ರ ಇನ್ನೂ ನೂರು ರೂಪಾಯಿ ಜಾಸ್ತಿ ಕೊಡ್ತಿದ್ನಲ್ರಿ, ಬಣ್ಣ ಹೊಡದ್ರ ಹೊಸಾದ ಇತ್ತು."