ಎರಡನೇ ಬೋರ್ಡೋ ಮರೆತ ವರ್ಷ

ಮೂರು ವರ್ಷದ ಹಿಂದೆ ನಾನು ಅಡಿಕೆ ತೋಟಕ್ಕೆ ಎರಡನೇ ಸಲ ಬೋರ್ಡೋ, ಅಂದರೆ ಕೊಳೆರೋಗ ತಡೆಯುವ ದ್ರಾವಣ, ಹೊಡೆಸುವುದನ್ನು ಮರೆತೆ. ಸೋಮಾರಿತನ ಅಲ್ಲ. ಅದಕ್ಕೆ ಬೇಕಾದ ಮೈಲುತುತ್ತ, ಸುಣ್ಣ ಎರಡೂ ಮನೆಯಲ್ಲೇ ಇದ್ದವು. ಮೊದಲ ಔಷಧಿ ಹೊಡೆದು 40–45 ದಿನಕ್ಕೆ ಎರಡನೆಯದು ಆಗಬೇಕು. ನಮ್ಮ ತೀರ್ಥಹಳ್ಳಿ ಕಡೆ ಇದು ಮಕ್ಕಳಿಗೂ ಗೊತ್ತು. ಅವತ್ತು ಪಂಪು ರಿಪೇರಿಗೆ ಕೂತೆ, ಅದನ್ನು ಅರ್ಧಕ್ಕೆ ಬಿಟ್ಟು ಜೇನುಪೆಟ್ಟಿಗೆ ನೋಡಲು ಹೋದೆ, ಅಲ್ಲಿಂದ ಪೇಟೆಗೆ. ಆಮೇಲೆ ಮಳೆ ಬಿಡಲೇ ಇಲ್ಲ. ಕೊಳೆ ಬಂತು. ಬುಡದಲ್ಲಿ ಉದುರಿದ ಹಸಿ ಅಡಿಕೆ ಹೆಕ್ಕುವಾಗ ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅದೇ ವರ್ಷ ಐದನೇ ಕ್ಲಾಸಿನ ಮಗನ ಟೀಚರ್ ನಮ್ಮನ್ನು ಕರೆಸಿದರು. "ಹುಡುಗ ಚುರುಕು. ಆದ್ರೆ ಕೂತಲ್ಲಿ ಕೂರಲ್ಲ, ಒಂದು ಲೆಕ್ಕ ಪೂರ್ತಿ ಮಾಡಲ್ಲ. ಶಿವಮೊಗ್ಗದಲ್ಲಿ ಒಮ್ಮೆ ಡಾಕ್ಟರಿಗೆ ತೋರಿಸಿ" ಅಂದರು. ನನಗೆ ಸಿಟ್ಟು ಬಂತು. ತುಂಟತನಕ್ಕೂ ಮಾತ್ರೆಯಾ? ಅಮ್ಮ ಮಾತ್ರ, "ನೀನೂ ಹೀಗೇ ಇದ್ದೆ, ನಿನ್ನ ಅಪ್ಪಯ್ಯನೂ ಹೀಗೇ" ಅಂದಳು.

ಕೊನೆಗೆ ಡಾಕ್ಟರ ಹತ್ತಿರ ಹೋದೆವು. ಸ್ಕ್ಯಾನಿಂಗು, ರಕ್ತ ಪರೀಕ್ಷೆ ಇರುತ್ತದೆ ಅಂದುಕೊಂಡಿದ್ದೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ, ಅದರ ಪತ್ತೆಗೆ ಅಂಥದ್ದೇನೂ ಇಲ್ಲವಂತೆ. ಬರೀ ಪ್ರಶ್ನೆಗಳು. ಲಕ್ಷಣ 12 ವರ್ಷಕ್ಕೆ ಮುಂಚೆಯೇ ಶುರುವಾಗಿತ್ತಾ? ಆರು ತಿಂಗಳಿಂದ ಇದೆಯಾ? ಶಾಲೆಯಲ್ಲಿ ಮಾತ್ರವಾ, ಮನೆಯಲ್ಲೂ ಇದೆಯಾ? "ಮೊಬೈಲಿಂದ ಹಾಳಾಗಿದ್ದು ಅಲ್ವಾ ಡಾಕ್ಟ್ರೇ?" ಅಂತ ಕೇಳಿದೆ. ಅವರು ನಕ್ಕರು. ಬ್ರಿಟನ್ನಿನಲ್ಲಿ ಅಲೆಕ್ಸಾಂಡರ್ ಕ್ರೈಟನ್ ಎಂಬ ವೈದ್ಯ 1798ರಲ್ಲೇ ಗಮನ ನಿಲ್ಲದವರ ಬಗ್ಗೆ ಬರೆದಿದ್ದ, 1902ರಲ್ಲಿ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟಿದ್ದ ಎಂದರು. ನಮ್ಮೂರಿಗೆ ಆಗ ಕರೆಂಟೇ ಇರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, "ನಿಮಗೂ ಹೀಗೆ ಆಗುತ್ತಾ?" ಅಂದರು. ಬೋರ್ಡೋ ಕಥೆ ಹೇಳಿದೆ. ಮುಂದಿನ ಸಲ ಅಮ್ಮನನ್ನೂ, ನನ್ನ ಹಳೇ ಮಾರ್ಕ್ಸ್ ಕಾರ್ಡುಗಳನ್ನೂ ತರಲು ಹೇಳಿದರು. ಪ್ರತಿ ವರ್ಷದ ಕಾರ್ಡಿನಲ್ಲೂ ಒಂದೇ ಷರಾ: ಗಮನ ಸಾಲದು. ಮಗನನ್ನು ತೋರಿಸಲು ಹೋಗಿ ಅಪ್ಪ ಸಿಕ್ಕಿಬಿದ್ದ!

ಮಗನಿಗೆ ಮೊದಲೇ ಮಾತ್ರೆ ಬರೆಯಲಿಲ್ಲ. ನಮಗೇ ಪಾಠ ಆಯಿತು. ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು, ಮಾಡಿದ ಕೂಡಲೇ ಮೆಚ್ಚಬೇಕು. ಟೀಚರ್ ಅವನನ್ನು ಮುಂದಿನ ಬೆಂಚಿಗೆ ತಂದರು, ನಡುನಡುವೆ ಸೀಮೆಸುಣ್ಣ ತರಲು ಕಳಿಸಿದರು. ಅರ್ಧ ದಾರಿ ಬಂದ. ಉಳಿದದ್ದಕ್ಕೆ ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಶುರುವಾಯಿತು, ಬೆಳಿಗ್ಗೆ ಒಂದು. ಮೊದಲ ವಾರ ಮಧ್ಯಾಹ್ನದ ಊಟವನ್ನೇ ಬಿಟ್ಟ. ಹಸಿವು ಇಂಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈಗ ಎರಡು ಅಕ್ಕಿರೊಟ್ಟಿ ಹೊಟ್ಟೆಗೆ ಬಿದ್ದ ಮೇಲೆಯೇ ಮಾತ್ರೆ. ಹೋದಾಗಲೆಲ್ಲ ತೂಕ, ಎತ್ತರ ನೋಡುತ್ತಾರೆ.

ನನಗೆ ಮಾತ್ರೆ ಇಲ್ಲ. ಬಿಪಿ ಇದೆ, ಈ ಔಷಧಿ ಅದನ್ನು ಏರಿಸಬಹುದು, ಮೊದಲು ಅದು ಹತೋಟಿಗೆ ಬರಲಿ ಅಂದರು. ಹಾಗಾಗಿ ನನ್ನ ಚಿಕಿತ್ಸೆ ಅಂದರೆ ಜಗಲಿಯಲ್ಲೊಂದು ಕರಿಹಲಗೆ. ಕಾಫಿ ಕುಡಿಯುವಾಗ ಕಣ್ಣಿಗೆ ಬೀಳಲೇಬೇಕು. ಫೋನಿನ ಅಲಾರಂ ನನಗೆ ದಂಡ, ಆಫ್ ಮಾಡಲು ಹೋಗಿ ವಾಟ್ಸಾಪ್ ನೋಡುತ್ತಾ ಕೂರುತ್ತೇನೆ. ಅಡಿಕೆ ಬೇಯಿಸುವಾಗ ಅಡುಗೆಮನೆಯ ಕಿವಿ ತಿರುಪುವ ಟೈಮರ್ ಜೇಬಿನಲ್ಲಿರುತ್ತದೆ. ಔಷಧಿ ಹೊಡೆಯುವವರಿಗೆ ಅಡ್ವಾನ್ಸ್ ಕೊಟ್ಟು ತಾರೀಕು ಹೇಳಿಬಿಡುತ್ತೇನೆ. ನಾನು ಮರೆತರೂ ಅವರು ಮರೆಯಲ್ಲ. ಲೆಕ್ಕದ ಪುಸ್ತಕ ತೆರೆದಾಗ ಹೆಂಡತಿ ಎದುರು ಕೂತು ಅಡಿಕೆ ಸುಲಿಯುತ್ತಾಳೆ. ಮಾತಿಲ್ಲ, ಸುಮ್ನೆ ಕೂತಿರುತ್ತಾಳೆ. ಅಷ್ಟಕ್ಕೇ ನಾನು ಏಳುವುದಿಲ್ಲ. ಯಾಕೋ ಗೊತ್ತಿಲ್ಲ.

ಹಾಗಾದರೆ ಇದು ಕಾಯಿಲೆಯಾ? ಜೇನುಪೆಟ್ಟಿಗೆ ಮುಂದೆ ಎರಡು ಗಂಟೆ ಅಲುಗಾಡದೆ ಕೂರುತ್ತೇನೆ. ಅಲ್ಲಿ ನನಗೇನೂ ಆಗಿಲ್ಲ. ಸಾಲದ ಕಂತು, ಔಷಧಿಯ ತಾರೀಕು ಬಂದಾಗ ಆಗಿದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿಲ್ಲ. ಬೆಳೆ ಹೋಗುವಷ್ಟು, ಮಗು ಶಾಲೆಗೆ ಹೆದರುವಷ್ಟು ಆದರೆ ಅದಕ್ಕೆ ಚಿಕಿತ್ಸೆ ಬೇಕು. ಅಷ್ಟಾಗದಿದ್ದರೆ ಬೇಡ. ಅನುಮಾನ ಪಡುವವರ ಮಾತಲ್ಲೂ ಹುರುಳಿದೆ. ಒಂದೇ ತರಗತಿಯಲ್ಲಿ ವಯಸ್ಸಿಗೆ ಚಿಕ್ಕ ಮಕ್ಕಳಿಗೇ ಈ ಹೆಸರು ಜಾಸ್ತಿ ಅಂಟುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಎಳೆತನವನ್ನೇ ಕಾಯಿಲೆ ಅಂದುಕೊಳ್ಳುವುದು ತಪ್ಪು. ಆದರೆ "ಸುಮ್ನೆ ಹೆಸರು ಹಚ್ಚಬೇಡಿ" ಎನ್ನುವ ನೆಂಟರಿಗೆ ನಾನು ಹೇಳುವುದಿಷ್ಟೇ: ನನಗೆ ನಲವತ್ತು ವರ್ಷ ಹೆಸರು ಇದ್ದೇ ಇತ್ತು. ಬೇಜವಾಬ್ದಾರಿ ಅಂತ. ಹಚ್ಚಿದವರು ನೀವೇ.

ಈ ವರ್ಷ ಮೊದಲ ಬೋರ್ಡೋ ಮೇ ಕೊನೆಗೆ ಆಯಿತು. ಎರಡನೆಯದರ ತಾರೀಕನ್ನು ಮಗನೇ ಹಲಗೆ ಮೇಲೆ ದೊಡ್ಡದಾಗಿ ಬರೆದ. ಜುಲೈ ಬದಲು ಜೂನ್ ಅಂತ ಬರೆದಿದ್ದ. ನಾನೂ ನೋಡಿ ಸರಿ ಇದೆ ಅಂದೆ. ಹೆಂಡತಿ ಬಂದು ಅಳಿಸಿ ತಿದ್ದಿದಳು.