ಕಾಲೇಜು ಫುಟ್‌ಬಾಲ್ ಕ್ಯಾಂಪಿಗೆ ಹುಡುಗನನ್ನು ಅಣಿಗೊಳಿಸುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್ ಆಡುವ ಹೈಸ್ಕೂಲು ಹುಡುಗರನ್ನು ಅಲ್ಲಿನ ಕಾಲೇಜುಗಳು ಅಳೆದು ನೋಡುವ ಕ್ಯಾಂಪುಗಳು ಹೆಚ್ಚಾಗಿ ಜೂನ್‌ನಲ್ಲಿ ನಡೆಯುತ್ತವೆ. ತಯಾರಿ ಏಪ್ರಿಲ್‌ನಲ್ಲೇ ಶುರುವಾಗಬೇಕು. ಪರೀಕ್ಷೆ ಮುಗಿಯಲಿ ಎಂದು ಕಾದರೆ ಕೆಟ್ಟಿರಿ.

ಹಂತ 1: ಆಯ್ಕೆ. ಆಮಂತ್ರಣ ಬಂತೆಂದು ಹಿಗ್ಗಬೇಡಿ. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ ಕಾಲೇಜಿನ ಕ್ಯಾಂಪು ಎಲ್ಲರಿಗೂ ತೆರೆದಿರಬೇಕು. ವಯಸ್ಸು, ತರಗತಿ, ಸಂಖ್ಯೆಯಂಥ ಮಿತಿಗಳನ್ನಷ್ಟೇ ಹಾಕಬಹುದು. ಹಾಗಾಗಿ ಅಚ್ಚು ಹಾಕಿದಂಥ ಪತ್ರ ಶುಲ್ಕಕ್ಕಾಗಿ ಬಂದದ್ದು. ಹುಡುಗನ ವಿಡಿಯೊ ನೋಡಿ, ಅವನು ಆಡುವ ಸ್ಥಾನದವರಿಗೆ ಕಲಿಸುವ ಕೋಚ್ (ಸ್ಥಾನದ ಕೋಚ್) ತಾವೇ ಬರೆದಿದ್ದರೆ ಮಾತ್ರ ಅದಕ್ಕೆ ಬೆಲೆ. ಮೂರು ಕ್ಯಾಂಪು ಸಾಕು.

ಹಂತ 2: ಮೇಲ್. ಮೂರು ವಾರ ಮೊದಲೇ ಸ್ಥಾನದ ಕೋಚ್‌ಗೆ ಹುಡುಗನೇ ಬರೆಯಲಿ: ಸ್ಥಾನ, ಎತ್ತರ, ತೂಕ, ಹೈಸ್ಕೂಲು ಮುಗಿಸುವ ವರ್ಷ, ಜಿಪಿಎ (ಅಂಕಗಳ ಸರಾಸರಿ ದರ್ಜೆ), ಮೂರು ನಿಮಿಷ ಮೀರದ ವಿಡಿಯೊದ ಲಿಂಕ್. ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್ 1ರಲ್ಲಿ ಮೊದಲ ವರ್ಷವೇ ಆಡಲು ಹೈಸ್ಕೂಲಿನ 16 ಕೋರ್ ಕೋರ್ಸು (ಇಂಗ್ಲಿಷ್, ಗಣಿತದಂಥ ಮುಖ್ಯ ವಿಷಯ) ಮತ್ತು ಅವುಗಳಲ್ಲಿ 2.3 ಜಿಪಿಎ ಬೇಕೇ ಬೇಕು.

ಹಂತ 3: 40 ಗಜದ ಓಟ. ಬಹಳ ಹುಡುಗರು ಕೆಡುವುದು ಇಲ್ಲೇ, ಅದೂ ಮೊದಲ ಎರಡು ಹೆಜ್ಜೆಯಲ್ಲಿ. ಬಲಗೈ ಊರುವವನಿಗೆ ಎಡಗಾಲು ಮುಂದೆ. ಮುಂಗಾಲಿನ ತುದಿ ಗೆರೆಯಿಂದ ಒಂದೂವರೆ ಪಾದದಷ್ಟು ಹಿಂದಿರಲಿ. ಹಿಂಗಾಲಿನ ಬೆರಳು ಮುಂಗಾಲಿನ ಹಿಮ್ಮಡಿಗೆ ಹೆಚ್ಚುಕಡಿಮೆ ಸಮವಾಗಿ, ಪಕ್ಕಕ್ಕೆ ಸೊಂಟದಗಲ ಬಿಟ್ಟು. ಊರಿದ ಬೆರಳು ಗೆರೆಯ ಹಿಂದೆಯೇ. ಸೊಂಟ ಹೆಗಲಿಗಿಂತ ತುಸು ಮೇಲೆ, ಭಾರ ಮುಂಗಾಲಿನ ಮೇಲೆ, ನೋಟ ನೆಲದ ಮೇಲೆ.

ಭಾರ ಹಿಮ್ಮಡಿಗೆ ಬಿದ್ದಿದ್ದರೆ ಹೊರಡುವಾಗ ಮುಂಗಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಕೋಚ್‌ನ ಸ್ಟಾಪ್‌ವಾಚ್ ಅಷ್ಟರಲ್ಲೇ ಓಡತೊಡಗಿರುತ್ತದೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ. ಪಾದದ ತುದಿಗೆ ಸೀಮೆಸುಣ್ಣದ ಗೆರೆ ಎಳೆದು, ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಫೋನ್ ಇಟ್ಟು ಸ್ಲೋ ಮೋಷನ್‌ನಲ್ಲಿ ನೋಡಿ. ಎರಡನೇ ತಪ್ಪು, ಮೂರನೇ ಹೆಜ್ಜೆಗೇ ತಲೆ ಎತ್ತಿ ನೆಟ್ಟಗಾಗುವುದು. ಮೊದಲ 10 ಗಜ ಮೈ ಬಾಗಿಯೇ ಇರಬೇಕು. ಮೂರನೆಯದು, ಕೊನೆಯ ಗೆರೆಗೆ ಮುಂಚೆಯೇ ಕಾಲು ತಡೆಯುವುದು. 45ರ ತನಕ ಓಡಿಸಿ.

ಅಭ್ಯಾಸ ವಾರಕ್ಕೆ ಎರಡು ದಿನ, 10 ಗಜದ ಆರು ಓಟ, ನಡುವೆ ಪೂರ್ತಿ ಎರಡು ನಿಮಿಷ ಬಿಡುವು. ಏದುಸಿರಲ್ಲಿ ಓಡಿದರೆ ದಮ್ಮು ಬೆಳೆದೀತು, ವೇಗ ಬೆಳೆಯದು. ಬೆನ್ನಿಗೆ ಕಟ್ಟುವ ಪ್ಯಾರಾಚೂಟ್ ಕೊಳ್ಳಬೇಡಿ, ದುಡ್ಡು ದಂಡ. ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್‌ನ ಹೊತ್ತು ಲೇಸರ್ ಯಂತ್ರದ್ದಕ್ಕಿಂತ ಸುಮಾರು 0.2 ಸೆಕೆಂಡ್ ಕಡಿಮೆ ತೋರಿಸುವುದುಂಟು. ಮೇಲ್‌ನಲ್ಲಿ ಯಾವುದರ ಲೆಕ್ಕವೆಂದು ಬರೆಯಿರಿ.

ಹಂತ 4: 5-10-5. ನಡುವಿನಿಂದ ಒಂದು ಬದಿಗೆ 5 ಗಜ, ತಿರುಗಿ ಇನ್ನೊಂದು ಬದಿಗೆ 10 ಗಜ, ಮತ್ತೆ ನಡುವಿಗೆ 5 ಗಜ ಓಡುವ ಪರೀಕ್ಷೆ ಇದು. ಬಲಗಡೆಯ ಗೆರೆಗೆ ಬಲಗೈ, ಎಡಗಡೆಯದಕ್ಕೆ ಎಡಗೈ. ತಿರುಗುವ ಎರಡು ಹೆಜ್ಜೆ ಮೊದಲೇ ಸೊಂಟ ಇಳಿಯಲಿ. ಉದ್ದ ಜಿಗಿತದಲ್ಲಿ ಹಿಂದಕ್ಕೆ ಬೀಳದೆ ನಿಂತರಾಯಿತು.

ಹಂತ 5: ಕೊನೆಯ ವಾರ. ಭಾರದ ಸ್ಕ್ವಾಟ್ ಆರು ದಿನ ಮೊದಲೇ ನಿಲ್ಲಿಸಿ. ಹೊಸ ಕ್ಲೀಟ್ಸ್ (ಅಡಿಯಲ್ಲಿ ಮೊಳೆಯಂಥ ಗುಬುಟುಗಳಿರುವ ಬೂಟು) ತೊಡಿಸಿ ಕಳಿಸಬೇಡಿ, ಮಧ್ಯಾಹ್ನದೊಳಗೆ ಬೊಬ್ಬೆ ಎದ್ದಿರುತ್ತದೆ. ಕೆಫೀನ್ ತುಂಬಿದ ಪುಡಿಗಳೂ ಬೇಡ. ಮೂರು ಗಂಟೆ ಮೊದಲು ಮಾಮೂಲಿ ತಿಂಡಿ. ಇಡ್ಲಿ ತಿಂದು ಬೆಳೆದವನಿಗೆ ಇಡ್ಲಿ, ಬಾಳೆಹಣ್ಣೇ ಸರಿ.

ಮೈದಾನದಲ್ಲಿ ಕೋಚ್ ಜತೆ ಹುಡುಗನೇ ಮಾತಾಡಲಿ, ಅಪ್ಪ-ಅಮ್ಮ ದೂರವಿರಿ. ಅಳತೆ, ಓಟದ ಹೊತ್ತುಗಳನ್ನು ಕೇಳಿ ಬರೆದುಕೊಂಡು, ಮರುದಿನವೇ ಕೋಚ್‌ಗೆ ನಾಲ್ಕು ಸಾಲಿನ ಮೇಲ್ ಹಾಕಲಿ.